ಬೆಲೆ ಐತೆ, ಕಾಯಿ ಇಲ್ಲ

2025ರಲ್ಲಿ ಕೊಬ್ಬರಿ ಧಾರಣೆ ಹಿಂದೆಂದೂ ಕಾಣದಷ್ಟು ಏರಿದಾಗ ಡೆಸ್ಕಿನಿಂದ ನನಗೆ ವಾರಕ್ಕೆರಡು ಸಲವಾದರೂ ಫೋನ್ ಬರುತ್ತಿತ್ತು. ‘ತೆಂಗು ಬೆಳೆಗಾರರ ಮೊಗದಲ್ಲಿ ಮಂದಹಾಸ’ ಅಂತ ಒಂದು ಸುದ್ದಿ ಬೇಕು, ಜೊತೆಗೆ ಉಂಡೆ ಕೊಬ್ಬರಿ ರಾಶಿಯ ಪಕ್ಕ ನಿಂತು ನಗುವ ರೈತನ ಫೋಟೊ ಬೇಕು. ಧಾರಣೆ ಏರಿದ್ದು ನಿಜ. ನಗುವ ರೈತ ಸಿಗುವುದೇ ಕಷ್ಟವಾಯಿತು. ಅರಸೀಕೆರೆ ಎಪಿಎಂಸಿಯಲ್ಲಿ ನಾನು ಮಾತಾಡಿಸಿದ ಹೆಚ್ಚಿನವರದು ಒಂದೇ ಮಾತು: ‘ಬೆಲೆ ಐತೆ, ಕಾಯಿ ಇಲ್ಲ.’

ಕಾಯಿ ಯಾಕಿಲ್ಲ ಅಂದರೆ ಮೂರು ಕಾರಣ ಹೇಳುತ್ತಿದ್ದರು. ಒಂದು, 2023ರ ಬರ. ತೆಂಗು ಬರದ ಏಟನ್ನು ಅದೇ ವರ್ಷ ತೋರಿಸುವುದಿಲ್ಲ, ಒಂದೆರಡು ವರ್ಷ ಬಿಟ್ಟು ತೋರಿಸುತ್ತದೆ. ಎರಡು, ಕಪ್ಪು ತಲೆ ಹುಳು. ಮೂರು, ಬಿಳಿನೊಣ. ಬರ ನಮ್ಮದೇ. ಕಪ್ಪು ತಲೆ ಹುಳುವೂ ಈ ನೆಲದ್ದೇ, ನಮ್ಮಜ್ಜನ ಕಾಲದಿಂದ ಇರುವಂಥದ್ದು. ಮೂರನೆಯದು ಮಾತ್ರ ಪರದೇಶಿ. ನಾನು ಬರೆಯಹೊರಟಿರುವುದು ಆ ಪರದೇಶಿಯ ಬಗ್ಗೆ, ಅಂಥವನ್ನು ಬಾಗಿಲಲ್ಲೇ ತಡೆಯಲೆಂದು ಇರುವ ಕಾನೂನಿನ ಬಗ್ಗೆ. ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ಈ ಕಾನೂನಿನ ಹೆಸರನ್ನೂ ನಾವು ಕೇಳಿರಲಿಲ್ಲ. ಸಸ್ಯ, ಬೀಜ, ಹಣ್ಣು, ತರಕಾರಿ ಆಮದಿನ ನಿಯಮ ಅಂದರೆ ಬಂದರು, ವಿಮಾನ ನಿಲ್ದಾಣ ಇರುವ ಊರಿನ ವರದಿಗಾರರ ಪಾಲು ಅನ್ನುವ ಭಾವನೆ. ನಮ್ಮ ಅರಸೀಕೆರೆಗೆ ಇರುವುದು ರೈಲ್ವೆ ಜಂಕ್ಷನ್ ಒಂದೇ.

ಬಿಳಿನೊಣ ನೋಡದವರಿಗಾಗಿ: ಇದಕ್ಕೆ ರುಗೋಸ್ ಸುರುಳಿ ಬಿಳಿನೊಣ ಅನ್ನುತ್ತಾರೆ. ಗರಿಯ ತಳಭಾಗದಲ್ಲಿ ಸುರುಳಿ ಸುರುಳಿಯಾಗಿ ಮೊಟ್ಟೆ ಇಡುತ್ತದೆ, ಮೇಲೆ ಬಿಳಿ ಮೇಣದ ಪುಡಿ. ರಂಗೋಲಿ ಹಿಟ್ಟಿನ ಕೈ ಆಡಿಸಿದ ಹಾಗೆ ಕಾಣುತ್ತದೆ. ಮರಿಗಳು ಅಲ್ಲೇ ಕೂತು ರಸ ಹೀರಿ ಸಿಹಿಯಾದ ಅಂಟು ಸುರಿಸುತ್ತವೆ. ಅದು ಕೆಳಗಿನ ಗರಿಗಳ ಮೇಲೆ, ಮರದಡಿಯ ಬಾಳೆ, ಮೆಣಸಿನ ಬಳ್ಳಿಯ ಮೇಲೆ ಬೀಳುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ನಮ್ಮ ತೋಟದ ಹತ್ತು ಹನ್ನೆರಡು ಮರ ಹೀಗೆ ಕಪ್ಪಾದಾಗ ಅಪ್ಪ ಮೊದಲು ಪಕ್ಕದ ಇಟ್ಟಿಗೆ ಗೂಡಿನ ಹೊಗೆ ಅಂದುಕೊಂಡಿದ್ದರು. ಮರ ಸಾಯುವುದಿಲ್ಲ. ಆದರೆ ಬಿಸಿಲು ಬೀಳಬೇಕಾದ ಎಲೆಯ ಮೇಲೆ ಮಸಿ ಕೂತರೆ ಮರ ಉಣ್ಣುವುದಾದರೂ ಏನನ್ನು?

ಈ ಕೀಟಕ್ಕೆ ವಿಜ್ಞಾನದ ಹೆಸರು ಸಿಕ್ಕಿದ್ದೇ 2004ರಲ್ಲಿ, ಮಧ್ಯ ಅಮೆರಿಕದ ಬೆಲೀಜ್ ದೇಶದ ತೆಂಗಿನ ಗರಿಯಿಂದ ಸಿಕ್ಕ ಮಾದರಿ ನೋಡಿ. 2009ಕ್ಕೆ ಅಮೆರಿಕದ ಫ್ಲಾರಿಡಾ. 2016ರ ಆಗಸ್ಟ್‌ನಲ್ಲಿ ತಮಿಳುನಾಡಿನ ಪೊಳ್ಳಾಚಿ. ಅಲ್ಲಿಂದ ಕೇರಳ, ನಮ್ಮ ಕರಾವಳಿ, ಮೈಸೂರು, ಮಂಡ್ಯ, ತುಮಕೂರು, ಹಾಸನ. ಅದಕ್ಕೂ ಹಿಂದೆ ಬಂದದ್ದು ನುಸಿ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ಮನೆಯಲ್ಲಿ ದಿನಾ ಕೇಳುತ್ತಿದ್ದ ಪದ ಅದು. ಕಾಯಿಯ ತೊಟ್ಟಿನ ಕೆಳಗೆ ಸೇರಿಕೊಂಡು ಸಿಪ್ಪೆಯನ್ನು ಕಂದು ಬಣ್ಣಕ್ಕೆ ತಿರುಗಿಸಿ, ಸೀಳಿಸಿ, ಕಾಯಿಯನ್ನು ಮುಷ್ಟಿಯಷ್ಟಕ್ಕೆ ಇಳಿಸುವ, ಕಣ್ಣಿಗೆ ಕಾಣದ ಜೀವಿ. ಮೆಕ್ಸಿಕೊದ ಗೆರೆರೊ ಎಂಬ ಪ್ರಾಂತ್ಯದ ಹೆಸರೇ ಅದರ ವೈಜ್ಞಾನಿಕ ಹೆಸರಿನಲ್ಲಿದೆ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 1998ರಲ್ಲಿ, ಎರ್ನಾಕುಲಂ ಜಿಲ್ಲೆಯಲ್ಲಿ. ಬೇರು ಹುಡುಕಿ, ಕತ್ತರಿಸಿ, ಔಷಧ ತುಂಬಿದ ಪ್ಲಾಸ್ಟಿಕ್ ಕವರಿಗೆ ಅದನ್ನು ಕಟ್ಟುವ ಕೆಲಸದಲ್ಲಿ ನಾವು ಮಕ್ಕಳೂ ಕೈಜೋಡಿಸುತ್ತಿದ್ದೆವು. ಈಗ ಯೋಚಿಸಿದರೆ ಆ ಔಷಧವನ್ನು ಮಕ್ಕಳ ಕೈಗೆ ಕೊಡಬಾರದಿತ್ತು. ಅದು ಬೇರೆ ಮಾತು.

ಹಳೇಬೀಡು, ಜಾವಗಲ್ ಕಡೆಯ ಮೆಕ್ಕೆಜೋಳದವರನ್ನು ಕೇಳಿದರೆ ಅವರದೂ ಒಂದು ಪರದೇಶಿ ಕತೆ ಇದೆ: ಸುಳಿಯೊಳಗೆ ಕೂತು ಲದ್ದಿ ತುಂಬಿಸುವ ಫಾಲ್ ಆರ್ಮಿ ವರ್ಮ್. ಅಮೆರಿಕ ಖಂಡದ್ದು, ಆಫ್ರಿಕಾ ದಾಟಿ ಬಂದದ್ದು. ಏಷ್ಯಾದಲ್ಲೇ ಮೊದಲು ಅದನ್ನು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಪಕ್ಕದ ಶಿವಮೊಗ್ಗದ ಹೊಲಗಳಲ್ಲಿ. ಆಲೂಗಡ್ಡೆ ಅಂಗಮಾರಿಗೆ ಸೋತು ಜೋಳಕ್ಕೆ ತಿರುಗಿದ್ದವರಿಗೆ ಅಲ್ಲೂ ಬಿಡುವಿಲ್ಲದಂತಾಯಿತು.

ಇಷ್ಟೆಲ್ಲ ಗೊತ್ತಿದ್ದೂ ಆಮದಿನ ಕಾನೂನನ್ನು ನಾನು ಕೂತು ಓದಿದ್ದು ನಮ್ಮ ಸೋದರಮಾವನ ದೆಸೆಯಿಂದ. ಮಾವನ ಮಗ ಫಿಲಿಪ್ಪೀನ್ಸ್‌ನ ದವಾವೊದಲ್ಲಿ ಎಂಬಿಬಿಎಸ್ ಓದುತ್ತಾನೆ. ಅಲ್ಲಿಯ ರೂಮಿನ ಹಿಂದೆ ಸೊಂಟದೆತ್ತರಕ್ಕೆ ಕಾಯಿ ಬಿಟ್ಟ ತೆಂಗಿನ ವಿಡಿಯೊ ಕಳಿಸಿದ್ದ. ಮಾವ ಅದನ್ನು ಊರಿಗೆಲ್ಲ ತೋರಿಸಿ ಆಗಿತ್ತು. ಹುಡುಗ ರಜೆಗೆ ಬರುವಾಗ ಮೊಳಕೆ ಬಂದ ಎರಡು ಕಾಯಿ ತರಬೇಕು ಅನ್ನುವುದು ಅವರ ಆಸೆ.

‘ಏನ್ಲಾ, ನೀನು ಪೇಪರ್‌ನೋನು. ಏರ್‌ಪೋರ್ಟಲ್ಲಿ ಹಿಡೀತಾರಾ?’

‘ಹಿಡೀಬೇಕು ಮಾವ. ಬೀಜ, ಗಿಡ ಹಂಗೆಲ್ಲ ತರೋ ಹಂಗಿಲ್ಲ.’

‘ಗಾಂಜಾ ಅಲ್ಲ ಕಣೋ, ತೆಂಗಿನಕಾಯಿ!’

ಮಾವನ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕಿತ್ತು. ನಮ್ಮ ತಾಲ್ಲೂಕಿನಲ್ಲಿ ಮಗನೋ ಮಗಳೋ ಹೊರದೇಶದಲ್ಲಿ ಇಲ್ಲದ ಊರು ಈಗ ಕಡಿಮೆ. ಎಲ್ಲರ ಮನೆಯಲ್ಲೂ ‘ಅಲ್ಲಿಯ ಒಂದು ಗಿಡ’ದ ಆಸೆ ಇದ್ದೇ ಇದೆ.

ಕಾನೂನು ಸಾಕಷ್ಟು ಹಳೆಯದು. ವಿನಾಶಕಾರಿ ಕೀಟ ಮತ್ತು ಪೀಡೆಗಳ ಕಾಯ್ದೆ 1914ರದ್ದು, ಬ್ರಿಟಿಷರ ಕಾಲದ್ದು. ಅದರಡಿ ಈಗ ನಡೆಯುತ್ತಿರುವುದು 2003ರ ಸಸ್ಯ ಕ್ವಾರಂಟೈನ್ ಆದೇಶ, ಜಾರಿಗೆ ಬಂದದ್ದು 2004ರಿಂದ. ಕ್ವಾರಂಟೈನ್ ಅನ್ನುವ ಪದ ಕೊರೊನಾಕ್ಕೆ ಮೊದಲು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ, ಈಗ ವಿವರಿಸಬೇಕಾಗಿಲ್ಲ. ಆದೇಶದ ತಿರುಳು ಇಷ್ಟು: ಸಸಿ, ಬಿತ್ತನೆ ಬೀಜ ತರುವವರು ತರುವ ಮೊದಲೇ ಇಲ್ಲಿಯ ಆಮದು ಪರವಾನಗಿ ಪಡೆದಿರಬೇಕು. ಕಳಿಸುವ ದೇಶದ ಸಸ್ಯ ಸಂರಕ್ಷಣಾ ಇಲಾಖೆ ಪರೀಕ್ಷೆ ಮಾಡಿ ಆರೋಗ್ಯ ಪ್ರಮಾಣಪತ್ರ ಕೊಟ್ಟಿರಬೇಕು. ಸರಕು ಗೊತ್ತುಪಡಿಸಿದ ಬಂದರು, ವಿಮಾನ ನಿಲ್ದಾಣಗಳಿಂದಲೇ ಒಳಬರಬೇಕು. ಬೇರಿಗೆ ಮಣ್ಣು ಅಂಟಿರಬಾರದು. ಮಣ್ಣು ಅಂದರೆ ಹುಳ, ಶಿಲೀಂಧ್ರ, ಜಂತುಗಳ ಊರು. ಕೆಲವು ಜಾತಿಯ ಸಸಿಗಳನ್ನು ತಂದ ಮೇಲೂ ತಿಂಗಳುಗಟ್ಟಲೆ ಬೇರೆಯಾಗಿ ಬೆಳೆಸಿ ಪರೀಕ್ಷೆಗೆ ಒಡ್ಡಬೇಕು. ಸಂಶಯ ಬಂದರೆ ಅಧಿಕಾರಿ ಹೊಗೆ ಹಾಕಿಸಬಹುದು, ವಾಪಸ್ ಕಳಿಸಬಹುದು, ಸುಟ್ಟೂ ಹಾಕಬಹುದು. ಇನ್ನು ಕೆಲವಕ್ಕೆ ಪರವಾನಗಿಯ ಮಾತೇ ಇಲ್ಲ, ಪೂರ್ತಿ ನಿಷೇಧ. ಮಾವನ ಎರಡು ಕಾಯಿ ಈ ಕೊನೆಯ ಗುಂಪಿನವು.

ಕಾರಣ ಕಡಾಂಗ್-ಕಡಾಂಗ್. ಅದು ಫಿಲಿಪ್ಪೀನ್ಸ್‌ನ ತೆಂಗಿನ ರೋಗ. ವೈರಸ್‌ಗಿಂತಲೂ ಚಿಕ್ಕದಾದ ವೈರಾಯ್ಡ್ ಎಂಬುದರಿಂದ ಬರುತ್ತದೆ. ಕಳೆದ ಶತಮಾನದಲ್ಲಿ ಅದು ಕೊಂದ ಮರಗಳ ಅಂದಾಜು ಮೂರು ಕೋಟಿಗೂ ಹೆಚ್ಚು. ಮದ್ದಿಲ್ಲ. ರೋಗ ತಗುಲಿದ ಮರ ತಕ್ಷಣ ಸಾಯುವುದೂ ಇಲ್ಲ. ಕಾಯಿ ಸಣ್ಣದಾಗಿ, ಗುಂಡಗಾಗಿ, ಆಮೇಲೆ ಹೊಂಬಾಳೆ ನಿಂತು, ಗರಿ ಹಳದಿಯಾಗಿ, ಹತ್ತು ವರ್ಷವಾದರೂ ಎಳೆದಾಡಿ ಸಾಯುತ್ತದೆ. ನೋಡಲು ಚೆನ್ನಾಗಿರುವ ಕಾಯಿಯಲ್ಲಿ ಅದು ಇದೆಯೋ ಇಲ್ಲವೋ ಕಣ್ಣಿಂದ ಹೇಳಲಾಗದು.

ಮಾವ ಸುಲಭಕ್ಕೆ ಬಿಡುವವರಲ್ಲ. ಮಗನಿಗೆ ಫೋನ್ ಮಾಡಿ, ಆ ರೋಗ ಇರುವುದು ಬಿಕೋಲ್ ಕಡೆ, ದವಾವೊ ದಕ್ಷಿಣದ ತುದಿಯಲ್ಲಿದೆ ಅಂತ ಪಾಯಿಂಟ್ ಹಾಕಿದರು. ಅವರು ಹೇಳಿದ ಭೂಗೋಳ ಸರಿಯಾಗಿಯೇ ಇತ್ತು. ಆದರೆ ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಬ್ಯಾಗ್ ತೆರೆದು ನೋಡುವವನಿಗೆ ಕಾಯಿ ಯಾವ ದ್ವೀಪದ್ದು ಅಂತ ಹೇಳುವವರು ಯಾರು? ಕಾಯಿಯ ಮೇಲೆ ಊರಿನ ಹೆಸರು ಇರುವುದಿಲ್ಲ.

ಆಮೇಲೆ ಅವರು ಎತ್ತಿದ್ದು ಬಾಬಾಬುಡನ್ ಹೆಸರು. ‘ಅವ್ರು ಕಾಫಿ ಬೀಜ ತಂದಾಗ ಯಾವ ಪರ್ಮಿಟ್ ಇತ್ತು? ಅವತ್ತು ಹಿಡಿದಿದ್ರೆ ಬೇಲೂರಿನೋರು ಇವತ್ತು ಏನು ಮಾರ್ತಿದ್ರು?’

ಈ ಪ್ರಶ್ನೆ ನನಗೆ ಇಷ್ಟವಾಯಿತು. ಹದಿನೇಳನೆಯ ಶತಮಾನದಲ್ಲಿ ಹಜ್‌ನಿಂದ ಮರಳುವಾಗ ಯೆಮನ್‌ನಿಂದ ಏಳು ಬೀಜ ಬಚ್ಚಿಟ್ಟು ತಂದರು ಅನ್ನುವ ಕತೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬೇಲೂರು ತಾಲ್ಲೂಕಿನ ಅರೇಹಳ್ಳಿ, ಬಿಕ್ಕೋಡು ಕಡೆಯ ತೋಟಗಳೆಲ್ಲ ಆ ಕತೆಯ ಮಕ್ಕಳು ಮೊಮ್ಮಕ್ಕಳು. ಆದರೆ ಆ ಕತೆಯಲ್ಲಿ ಬಂದದ್ದು ಒಣಗಿದ ಏಳು ಬೀಜ. ಸಸಿಯಲ್ಲ, ಎಲೆಯಲ್ಲ, ಮಣ್ಣಲ್ಲ. ಬೀಜ ಬಂತು, ಬೀಜದ ಶತ್ರುಗಳು ಅಲ್ಲೇ ಉಳಿದವು. ಅವು ಬರಲು ಇನ್ನೂರು ವರ್ಷ ಹಿಡಿಯಿತು. ಎಲೆ ತುಕ್ಕು ರೋಗ 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು, ಮುಂದಿನ ಒಂದೆರಡು ವರ್ಷದಲ್ಲಿ ದಕ್ಷಿಣ ಭಾರತಕ್ಕೂ ಬಂತು. ಸಿಲೋನಿನ ಬೆಳೆಗಾರರು ಎರಡು ದಶಕದೊಳಗೆ ಕಾಫಿ ಕಿತ್ತು ಚಹಾ ನೆಟ್ಟರು. ನಮ್ಮಲ್ಲಿ ಕಾಫಿ ಉಳಿಯಿತು, ಆದರೆ ತುಕ್ಕು ತಡೆಯುವ ತಳಿ ಹುಡುಕುವುದರಲ್ಲೇ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ದಶಕಗಳು ಕಳೆದವು. ಬೋರ್ಡೋ ದ್ರಾವಣದ ಖರ್ಚನ್ನು ಬೆಳೆಗಾರರು ಇವತ್ತಿಗೂ ಹೊರುತ್ತಿದ್ದಾರೆ.

ಕಾಯಿಕೊರಕದ್ದು ಇನ್ನೂ ಹತ್ತಿರದ ಕತೆ. ಆಫ್ರಿಕಾ ಮೂಲದ ಈ ಸಾಸಿವೆಗಿಂತ ಚಿಕ್ಕ ದುಂಬಿ 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಂಡಿತು, ಆಮೇಲೆ ಕೊಡಗು, ನಂತರ ನಮ್ಮ ಕಡೆ. ತೋಟದಿಂದ ತೋಟಕ್ಕೆ ಅದು ಹಾರಿಯೇ ಹೋಗಬೇಕಾಗಿರಲಿಲ್ಲ, ಕಾಫಿ ಚೀಲ, ಕೊಯ್ಲಿನವರ ಬುಟ್ಟಿ, ಲಾರಿ ಎಲ್ಲ ಇದ್ದವು. ದೇಶದ ಒಳಗಿನ ಸಾಗಾಟಕ್ಕೂ ನಿರ್ಬಂಧ ಇರುವ ಕೆಲವೇ ಪೀಡೆಗಳಲ್ಲಿ ಇದೂ ಒಂದಾಯಿತು. ಅರೇಹಳ್ಳಿಯ ಒಬ್ಬ ಹಿರಿಯ ಬೆಳೆಗಾರರು ಕೊಯ್ಲು ಮುಗಿದ ಮೇಲೆ ನೆಲಕ್ಕೆ ಬಿದ್ದ ಒಂದೊಂದೇ ಕಾಯನ್ನು ಆರಿಸಲು ಆಳು ಹಚ್ಚುತ್ತಾರೆ. ‘ಆರಿಸಿದ ಕಾಫಿಗಿಂತ ಕೂಲಿ ಜಾಸ್ತಿ ಆಗುತ್ತೆ ಸಾರ್. ಆದ್ರೆ ಬಿಟ್ಟರೆ ಮುಂದಿನ ವರ್ಷದ ಹುಳಕ್ಕೆ ನಾನೇ ಗೊಬ್ಬರ ಹಾಕಿದ ಹಂಗೆ’ ಅಂದರು. ಈ ಕೂಲಿ ಮೂವತ್ತೈದು ವರ್ಷದಿಂದ ಬೀಳುತ್ತಿರುವ ದಂಡ. ಯಾರ ತಪ್ಪಿಗೆ ಅಂತ ಯಾವ ರಸೀದಿಯಲ್ಲೂ ಬರೆದಿಲ್ಲ.

ಮಾವ ಒಪ್ಪಿದ್ದು ಕಾನೂನಿಗೂ ಅಲ್ಲ, ಕಾಫಿಯ ಕತೆಗೂ ಅಲ್ಲ, ಅಂಡಮಾನಿನ ಕತೆಗೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಪೆಸಿಫಿಕ್ ದ್ವೀಪಗಳಿಂದ ತೆಂಗಿನ ತಳಿಗಳನ್ನು ತಂದಾಗ ಅವನ್ನು ಕಾಸರಗೋಡಿಗೆ ತರಲಿಲ್ಲ. ಅಂಡಮಾನಿನ ಸಿಪಿಘಾಟ್‌ನಲ್ಲಿ ನೆಟ್ಟರು. ಏನಾದರೂ ರೋಗ ಜೊತೆಗೆ ಬಂದಿದ್ದರೆ ನಡುವೆ ಸಮುದ್ರ ಇರಲಿ ಅಂತ. ದಕ್ಷಿಣ ಕನ್ನಡದ ಕಿದುವಿನಲ್ಲಿ ದಕ್ಷಿಣ ಏಷ್ಯಾಕ್ಕೇ ಮೀಸಲಾದ ಅಂತರರಾಷ್ಟ್ರೀಯ ತೆಂಗು ತಳಿ ಸಂಗ್ರಹವಿದೆ. ಒಂದು ದೇಶದಿಂದ ಇನ್ನೊಂದಕ್ಕೆ ತಳಿ ಕೊಡು-ಕೊಳ್ಳುವಾಗ ಇಡೀ ಕಾಯಿಯ ಬದಲು ಅದರೊಳಗಿನ ಭ್ರೂಣವನ್ನಷ್ಟೇ ತೆಗೆದು, ಶುಚಿಮಾಡಿ, ಗಾಜಿನ ಕೊಳವೆಯಲ್ಲಿ ಸಾಗಿಸುವ ಪದ್ಧತಿಯೂ ಬಂದಿದೆ.

‘ಸರ್ಕಾರದೋರೇ ಸಮುದ್ರದಾಚೆ ಇಟ್ಕಂಡು ನೋಡಿದ್ರಾ?’ ಅಂದರು ಮಾವ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಬ್ಯಾಡ ಬಿಡು’ ಅಂದರು. ಹುಡುಗ ಕಾಯಿಯ ಬದಲು ಒಣಮಾವಿನ ಪ್ಯಾಕೆಟ್ ತಂದ.

ಈ ನಿಯಮಗಳು ನಮ್ಮಂಥವರನ್ನು ಸತಾಯಿಸಲಿಕ್ಕೇ ಇರುವುದು ಅನ್ನುವವರು ಬಹಳ ಜನ. ಅವರ ಸಿಟ್ಟಿಗೂ ಕಾರಣವಿದೆ. 2014ರ ಮೇ 1ರಿಂದ ಯುರೋಪಿಯನ್ ಒಕ್ಕೂಟ ನಮ್ಮ ಮಾವು, ಬದನೆ, ಹಾಗಲ, ಪಡವಲ, ಕೆಸುವನ್ನು ತಡೆದಿದ್ದು ನೆನಪಿರಬಹುದು. ಹಿಂದಿನ ವರ್ಷ ಹೋದ 207 ಸರಕುಗಳಲ್ಲಿ ಹಣ್ಣುನೊಣ ಮೊದಲಾದ ಪೀಡೆ ಸಿಕ್ಕಿತ್ತು. ಆಗ ಇಲ್ಲಿ ಪತ್ರಿಕೆಗಳು ಅದನ್ನು ಅವಮಾನದ ಹಾಗೆ ಬರೆದವು. ಮಾವಿನ ತಡೆ ಮರುವರ್ಷ ತೆರವಾಯಿತು. ಅದೇ ಒಕ್ಕೂಟ 2019ರ ಡಿಸೆಂಬರ್‌ನಿಂದ ಹೊರಗಿನ ಹಣ್ಣುಗಳಿಗೆಲ್ಲ ಸಸ್ಯ ಆರೋಗ್ಯ ಪ್ರಮಾಣಪತ್ರ ಕಡ್ಡಾಯ ಮಾಡಿದಾಗ ಐದನ್ನು ಮಾತ್ರ ಬಿಟ್ಟಿತು: ಬಾಳೆ, ಅನಾನಸ್, ಖರ್ಜೂರ, ಡ್ಯೂರಿಯನ್, ತೆಂಗಿನಕಾಯಿ. ನಾವು ಫಿಲಿಪ್ಪೀನ್ಸ್‌ನ ಎರಡು ಕಾಯಿಗೆ ಹೆದರುತ್ತೇವೆ, ಅವರು ಹಡಗಿನಷ್ಟು ಕಾಯಿಗೂ ಕಾಗದ ಕೇಳುವುದಿಲ್ಲ. ಅವರಲ್ಲಿ ತೆಂಗಿನ ತೋಟವಿಲ್ಲ, ಹಾಗಾಗಿ ಕಳೆದುಕೊಳ್ಳಲು ಏನೂ ಇಲ್ಲ. ಕಾಯಿ ಇಳಿಯುವ ಊರಲ್ಲಿ ಏನು ಬೆಳೆದಿದೆ ಅನ್ನುವುದೇ ಇಲ್ಲಿ ಲೆಕ್ಕ. ಆ ಲೆಕ್ಕ ಹಿಡಿದರೆ ತೆಂಗಿನ ವಿಷಯದಲ್ಲಿ ಎಲ್ಲರಿಗಿಂತ ಬಿಗಿಯಾಗಿರಬೇಕಾದವರು ಅರಸೀಕೆರೆ, ತಿಪಟೂರಿನವರು.

ಕಾನೂನು ಬರೀ ತಡೆಯುವುದಷ್ಟೇ ಮಾಡುತ್ತದೆ ಅಂದುಕೊಳ್ಳಬಾರದು. ಪಪ್ಪಾಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡು, ಆಮೇಲೆ ನಮ್ಮ ಹಿಪ್ಪುನೇರಳೆಗೂ ಹತ್ತಿದಾಗ ರೇಷ್ಮೆಯವರು ಕಂಗಾಲಾಗಿದ್ದರು. ಸಿಂಪಡಿಸಿದ ಎಲೆ ಹುಳಕ್ಕೆ ಹಾಕುವಂತಿಲ್ಲ, ಸಿಂಪಡಿಸದಿದ್ದರೆ ಎಲೆಯೇ ಇಲ್ಲ. 2010ರಲ್ಲಿ ಬೆಂಗಳೂರು ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಸ್ಥೆಯವರು ಪರವಾನಗಿ ಪಡೆದು ಪೋರ್ಟೊರಿಕೊದಿಂದ ಮೂರು ಜಾತಿಯ ಪರತಂತ್ರ ಕಣಜಗಳನ್ನು ತರಿಸಿದರು. ಬೇರೆ ಉಪಕಾರಿ ಕೀಟಗಳಿಗೂ ರೇಷ್ಮೆ ಹುಳುವಿಗೂ ತೊಂದರೆ ಕೊಡುವುದಿಲ್ಲ ಅಂತ ಕ್ವಾರಂಟೈನ್ ಲ್ಯಾಬಿನಲ್ಲಿ ಖಾತರಿ ಮಾಡಿಕೊಂಡ ಮೇಲೆಯೇ ಹೊರಗೆ ಬಿಟ್ಟರು. ಒಂದೆರಡು ವರ್ಷದಲ್ಲಿ ತಿಗಣೆ ಹತೋಟಿಗೆ ಬಂತು. ಅದೂ ಆಮದೇ, ಕಾಗದಪತ್ರ ಇದ್ದ ಆಮದು.

ಹಾಗಾದರೆ ತೊಡಕು ಎಲ್ಲಿ? ನನ್ನ ಅಭಿಪ್ರಾಯ ಹೇಳುತ್ತೇನೆ. ಬಾಗಿಲಲ್ಲಿ ಕಾವಲಿದೆ, ಒಳಮನೆಯಲ್ಲಿ ಇಲ್ಲ. ಬಂದರಿನಲ್ಲಿ ಒಂದು ಸಲ ತಪ್ಪಿಸಿಕೊಂಡ ಕೀಟಕ್ಕೆ ಪೊಳ್ಳಾಚಿಯಿಂದ ಅರಸೀಕೆರೆಗೆ ಬರಲು ಯಾವ ಪರವಾನಗಿಯೂ ಬೇಕಾಗಲಿಲ್ಲ. ದೇಶದ ಒಳಗೆ ಸಸಿ ಸಾಗಿಸಲು ನಿರ್ಬಂಧ ಇರುವುದು ಬೆರಳೆಣಿಕೆಯ ಪೀಡೆಗಳಿಗೆ, ಅದೂ ಬಹುಪಾಲು ಕಾಗದದ ಮೇಲೆ. ಮಳೆಗಾಲ ಶುರುವಾಗುತ್ತಿದ್ದಂತೆ ನಮ್ಮ ಹೆದ್ದಾರಿ ಬದಿಯಲ್ಲಿ ತೆಂಗು, ಅಡಿಕೆ ಸಸಿ ತುಂಬಿದ ಲಾರಿಗಳು ಸಾಲಾಗಿ ನಿಲ್ಲುತ್ತವೆ. ಎಲ್ಲಿಯದು ಅಂದರೆ ಒಬ್ಬ ಒಂದು ರಾಜ್ಯದ ಹೆಸರು ಹೇಳುತ್ತಾನೆ, ಅದೇ ಲಾರಿಯ ಇನ್ನೊಬ್ಬ ಇನ್ನೊಂದರದ್ದು. ಅಂಥ ಒಂದು ಲಾರಿಯಿಂದ ಇಳಿಸುತ್ತಿದ್ದ ಸಸಿಯ ಗರಿ ಮಗುಚಿದಾಗ ಆ ಬಿಳಿ ಸುರುಳಿ ಕಣ್ಣಾರೆ ಕಂಡಿದ್ದೇನೆ. ಚಾಲಕ ನಾನು ಮೊಬೈಲ್ ತೆಗೆದಿದ್ದು ನೋಡಿ, ‘ಅದು ಧೂಳು ಸಾರ್’ ಅಂದ. ಬೇಲೂರು, ಹಳೇಬೀಡಿನ ಸುತ್ತ ಹೊಸದಾಗಿ ಎದ್ದಿರುವ ರೆಸಾರ್ಟುಗಳ ಅಲಂಕಾರದ ತಾಳೆಗಳೂ ಹೀಗೇ ಎಲ್ಲಿಂದಲೋ ಬರುತ್ತವೆ. 2019ರಲ್ಲಿ ಮಂಡ್ಯದಲ್ಲಿ ಮತ್ತೊಂದು ಪರದೇಶಿ ಬಿಳಿನೊಣ ಸಿಕ್ಕಾಗ ಅದು ತೆಂಗಿನ ಮೇಲೂ ಇತ್ತು, ಅಲಂಕಾರದ ತಾಳೆಯ ಮೇಲೂ ಇತ್ತು.

ಆ ಲಾರಿಯ ಸುದ್ದಿ ಬರೆದು ಕಳಿಸಿದೆ. ಅಚ್ಚಾಗಲಿಲ್ಲ. ಬದಲಿಗೆ ‘ಬಿಳಿನೊಣಕ್ಕೆ ಯಾವ ಔಷಧ?’ ಅಂತ ಒಂದು ಬಾಕ್ಸ್ ಕೇಳಿದರು. ಅದನ್ನು ಬರೆಯಲು ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರಕ್ಕೆ ಹೋದೆ. ಅಖಿಲ ಭಾರತ ತಾಳೆ ಬೆಳೆಗಳ ಸಂಶೋಧನಾ ಯೋಜನೆಯ ಕೇಂದ್ರವೊಂದು ನಮ್ಮೂರಲ್ಲೇ ಇದೆ, ನಮ್ಮ ಜನ ಅಂಗಡಿಗೆ ಹೋದಷ್ಟು ಅಲ್ಲಿಗೆ ಹೋಗುವುದಿಲ್ಲ. ಸಿಕ್ಕ ಸಲಹೆಯ ಮೊದಲ ಸಾಲೇ ‘ಘಾಟು ವಿಷ ಹೊಡೆಯಬೇಡಿ’ ಅಂತ. ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜ ಇಲ್ಲಿಯ ತೋಟಗಳಲ್ಲಿ ಈಗಾಗಲೇ ಇದೆ, ವಿಷಕ್ಕೆ ಮೊದಲು ಸಾಯುವುದು ಅದು. ಬೇವಿನೆಣ್ಣೆ, ರಭಸದ ನೀರು, ಹಳದಿ ಅಂಟುಬಲೆ, ಕೀಟಕ್ಕೆ ರೋಗ ತರುವ ಶಿಲೀಂಧ್ರದ ದ್ರಾವಣ, ಇಷ್ಟರಲ್ಲೇ ನಿಭಾಯಿಸಿ ಅನ್ನುತ್ತಾರೆ. ತಮಾಷೆಯೆಂದರೆ ಆ ಎನ್‌ಕಾರ್ಸಿಯಾವೂ ಪರದೇಶಿಯೇ. ಹಿಂದೆ ಬಂದ ಇನ್ನೊಂದು ಬಿಳಿನೊಣದ ಬೆನ್ನು ಹತ್ತಿ, ಯಾರನ್ನೂ ಕೇಳದೆ ಬಂದದ್ದು. ಇದನ್ನು ಹೇಳಿದರೆ ಮಾವನಂಥವರು ‘ನೋಡು, ಒಳ್ಳೇದೂ ಬತ್ತದೆ’ ಅನ್ನುತ್ತಾರೆ. ಬಂತು, ನಿಜ. ನುಸಿಯನ್ನು ಹೀಗೆ ಸರಿಮಾಡುವ ಯಾವುದೂ ಇಪ್ಪತ್ತೈದು ವರ್ಷವಾದರೂ ತಾನಾಗಿ ಬಂದಿಲ್ಲ.

ಬಾಕ್ಸ್ ಅಚ್ಚಾಯಿತು. ‘ವಿಷ ಹೊಡೆಯಬೇಡಿ’ ಅನ್ನುವ ಸಾಲಿಗೆ ಜಾಗ ಸಾಕಾಗಲಿಲ್ಲವಂತೆ.

ನಮ್ಮ ತೋಟದಲ್ಲಿ ಸತ್ತ ಮರಗಳ ಜಾಗಕ್ಕೆ ಈ ಮುಂಗಾರಿಗೆ ಮೂವತ್ತು ಸಸಿ ಹಾಕಬೇಕಿತ್ತು. ಅಪ್ಪ ಹೆದ್ದಾರಿಯ ಲಾರಿ ಬಿಟ್ಟು ತಿಪಟೂರು ಟಾಲ್ ತಳಿಯನ್ನು ಸ್ವಂತ ತಾಯಿಮರದಿಂದ ಬೆಳೆಸುವ ಒಬ್ಬರ ನರ್ಸರಿಗೆ ಹೋದರು. ಕನ್ನಡಕ ಹಾಕಿಕೊಂಡು, ಒಂದೊಂದು ಸಸಿಯ ಗರಿಯನ್ನೂ ಮಗುಚಿ, ಬುಡದ ಚೀಲ ತಿರುಗಿಸಿ ನೋಡುತ್ತ ಅರ್ಧ ದಿನ ತೆಗೆದುಕೊಂಡರು. ನರ್ಸರಿಯವರಿಗೆ ಬೇಜಾರಾಗಿ, ‘ಏನ್ ಯಜಮಾನ್ರೇ, ಗಂಡಿಗೆ ಹೆಣ್ಣು ನೋಡೋಕೆ ಬಂದಂಗೆ ನೋಡ್ತೀರಲ್ಲ?’ ಅಂದರು. ಅಪ್ಪ ತಲೆ ಎತ್ತದೆ ಎರಡು ಸಸಿಯನ್ನು ಪಕ್ಕಕ್ಕಿಟ್ಟು, ಮುಂದಿನದನ್ನು ಕೈಗೆ ತೆಗೆದುಕೊಂಡರು.